ಹೊಳೆಯಾಚೆಯ ಮಂಜು

ಮಾಳಿಗೆಯ ಮೇಲೆ ಒಣಗಿದ್ದ ಬಟ್ಟೆಗಳನ್ನು ಸಂಗಮ್ಮ ಒಂದೊಂದಾಗಿ ಎತ್ತಿ, ಎರಡೆರಡು ಸಲ ಫಟಫಟನೆ ಕೊಡವಿ ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದಳು. ಕೊಡವಿದಾಗೆಲ್ಲ ಎಳ್ಳಿನಷ್ಟು ಕರಿಯ ಚೂರುಗಳು ಉದುರುತ್ತಿದ್ದವು. ಭತ್ತದ ಕೊಯ್ಲು ಮುಗಿದ ಮೇಲೆ ಪ್ರತಿವರ್ಷವೂ ಹದಿನೈದು ದಿನ ಹೀಗೇ. ಹೊಳೆದಂಡೆಯ ಊರೆಂದ ಮೇಲೆ ಚಳಿಗೆ ಮಂಜು ಬೀಳುತ್ತದೆ, ಮಂಜಿನ ಸಂಗಡ ಕಸವೂ ಬೀಳುತ್ತದೆ ಎಂಬುದು ಅವಳ ತಿಳಿವಳಿಕೆ.

"ಗಂಗೀ, ಚೀಲ ಏನು ದಿಬ್ಬಣಕ್ಕ ಹೊಂಟಂಗ ತುಂಬಾಕ ಹತ್ತಿಯಲ್ಲ! ಬಸ್ ಹತ್ತಿದ್ರ ಮೂರು ತಾಸಿಗೆ ನಿಮ್ಮಪ್ಪನ ಮನಿ ಮುಂದ ಇರ್ತಿ."

"ಬಸ್ ಹತ್ತಿದ್ರ ನಾ ಸೋತಂಗ, ಅತ್ತೀ," ಎಂದಳು ಶಿವಗಂಗಾ ಅಪ್ಪನ ಅಕ್ಕನಿಗೆ, ಹೊದಿಕೆಯನ್ನು ಮೊಣಕಾಲಿನಿಂದ ಒತ್ತಿ ಚೀಲದೊಳಗೆ ತುರುಕುತ್ತ.

ಸೋಲು ಗೆಲುವಿನ ಮಾತು ಹುಟ್ಟಿದ್ದು ಹೀಗೆ. ಶಿವಗಂಗಾಳ ಬಿ.ಎಡ್. ಮುಗಿದಿತ್ತು. ನಾರಾಯಣಪೇಟೆಯ ಶಾಲೆಯೊಂದು ಅವಳನ್ನು ಕರೆದಿತ್ತು. ಅಲ್ಲೇ ಹಾಸ್ಟೆಲಿನಲ್ಲಿ ಇರಬೇಕು, ಬರುವುದೋ ಇಲ್ಲವೋ ಸೋಮವಾರದೊಳಗೆ ಹೇಳಬೇಕು. ಅಪ್ಪ ಶರಣಬಸವ ಒಪ್ಪಲಿಲ್ಲ. ಏಳನೆಯ ವಯಸ್ಸಿನಲ್ಲಿ ಒಂದು ಸಂಜೆ ಅವಳ ಉಸಿರು ಕಟ್ಟಿ ತುಟಿ ನೀಲಿಯಾದದ್ದನ್ನು ಅವನು ಮರೆತಿರಲಿಲ್ಲ. "ನಿನ್ನ ಉಸಿರು ಗಟ್ಟಿಲ್ಲವ್ವಾ. ಪರ ಊರಾಗ ಒಬ್ಬಾಕಿನ ಹ್ಯಾಂಗ ಬಿಡ್ಲಿ?" ಎಂಬುದು ಅವನ ಮಾತು. ಮಗಳು ಹಟ ಬಿಡದಿದ್ದಾಗ ಕೊನೆಗೆ ಒಂದು ಪಂದ್ಯ ಕಟ್ಟಿದ್ದ. "ನಿಮ್ಮತ್ತಿ ಊರಿಂದ ನಮ್ಮನಿ ತನಕ ಚೀಲ ಹೊತ್ಕೊಂಡು ನಡ್ದು ಬಾ. ಎಲ್ಡು ದಿನ. ಗಾಲಿ ಮ್ಯಾಲ ಕುಂದ್ರಬಾರದು. ಬಂದ್ರ ನಾರಾಯಣಪೇಟಿ. ಬರಲಿಲ್ಲಂದ್ರ ಮತ್ತ ಆ ಮಾತು ಎತ್ತಬಾರದು."

ಧರೂರಿನ ಅವನ ಗದ್ದೆ ಕೃಷ್ಣೆಯ ಆಚೆ ದಂಡೆ. ಮಕ್ತಲ್ ಕಡೆಯ ಸಂಗಮ್ಮನ ಊರು ಈಚೆ ದಂಡೆ. ನಡುವೆ ಅಣೆಕಟ್ಟಿನ ಹಿನ್ನೀರು ಸಮುದ್ರದ ಹಾಗೆ ನಿಂತಿದೆ. ಕಾಗೆ ಹಾರಿದರೆ ಅರ್ಧ ತಾಸು, ಕಾಲು ನಡೆದರೆ ಅಣೆಕಟ್ಟು ಸುತ್ತಿ ಎರಡು ದಿನ.

ಶರಣಬಸವ ಕೆಟ್ಟವನಲ್ಲ. ಊರಲ್ಲಿ ಎಲ್ಲರೂ ಕೊಯ್ಲಿನ ಮಿಷನ್ ಬಿಟ್ಟುಹೋದ ಕೂಳೆಗೆ ಮನಬಂದಾಗ ಬೆಂಕಿಯಿಡುತ್ತಿದ್ದರು. ಅವನು ಹಾಗಲ್ಲ. ಡಾಕ್ಟರು ಹೊಗೆಯಿಂದ ದೂರವಿಡಿ ಎಂದ ವರ್ಷದಿಂದ, ಕೊಯ್ಲು ಮುಗಿದ ದಿನವೇ ಮಗಳನ್ನು ಬೈಕಿನ ಮೇಲೆ ಕೂರಿಸಿಕೊಂಡು ಅಕ್ಕನ ಮನೆಗೆ ಬಿಟ್ಟುಬರುತ್ತಿದ್ದ. ಆಮೇಲೆ ಗಾಳಿ ಊರ ಕಡೆಯಿಂದ ಹೊಳೆಯ ಕಡೆ ತಿರುಗುವವರೆಗೂ ಕಾಯುತ್ತಿದ್ದ, ಎರಡು ದಿನವಾಗಲಿ ನಾಲ್ಕು ದಿನವಾಗಲಿ. "ನನ್ನ ಹೊಗಿ ಯಾರ ಮನಿ ಮ್ಯಾಲೂ ಹೋಗಬಾರದು, ನೀರಿನ ಮ್ಯಾಲ ಹೋಗಲಿ" ಎನ್ನುತ್ತಿದ್ದ. ಅತ್ತೆಯ ಊರಲ್ಲೂ ಶಿವಗಂಗಾಳ ಎದೆ ಕಟ್ಟುತ್ತಿತ್ತು, ನಿಜ. ಅದು ಮಂಜಿನ ಶೀತ ಎಂದು ಮನೆಯವರೆಲ್ಲ ಒಪ್ಪಿದ್ದರು. "ಅಲ್ಲೇ ಇಷ್ಟಾದ್ರ, ಇಲ್ಲಿದ್ರ ಏನಾಗ್ತಿತ್ತೋ!" ಎಂದು ಅಪ್ಪ ಪ್ರತಿವರ್ಷ ನಿಟ್ಟುಸಿರು ಬಿಡುತ್ತಿದ್ದ.

ಶನಿವಾರ ಬೆಳಕು ಹರಿಯುವಾಗ ಶಿವಗಂಗಾ ಮಾಳಿಗೆಗೆ ಹತ್ತಿದಳು. ಊರ ನೀರಿನ ಟಾಕಿ, ಹೊಸದಾಗಿ ಸುಣ್ಣ ಹೊಡೆದು ಹಾಲಿನಷ್ಟು ಬಿಳಿಯಾಗಿದ್ದದ್ದು, ಮನೆಯ ಹಿಂದೆಯೇ ಇದ್ದರೂ ಅರ್ಧ ಕರಗಿಹೋಗಿತ್ತು. ಹೊಳೆ ಕಾಣುತ್ತಿರಲಿಲ್ಲ. ಚಳಿಗಾಲದಲ್ಲಿ ಹೊಳೆತಾಯಿ ಹತ್ತಿ ಹಿಂಜುತ್ತಾಳೆ, ತನ್ನ ಏಳು ಹೆಣ್ಣುಮಕ್ಕಳಿಗೆ ಏಳು ಕೌದಿ ಹೊಲಿಯಲು, ಎಂದು ಅಜ್ಜಿ ವೀರಬಸಮ್ಮ ಹೇಳುತ್ತಿದ್ದಳು. ಆ ಕಥೆಯನ್ನು ಕೇಳುತ್ತ ಬೆಳೆದ ಹುಡುಗಿಗೆ ಮಂಜೆಂದರೆ ಹಬ್ಬ. ಮಂಜಿನಲ್ಲಿ ಬರುವ ಸುಟ್ಟ ವಾಸನೆಗೂ ಅವಳು ಒಂದು ಎಳೆ ಸೇರಿಸಿದ್ದಳು: ಕೌದಿ ಹೊಲಿಯುತ್ತ ಹಸಿದ ಮಕ್ಕಳಿಗೆ ತಾಯಿ ಜೋಳದ ಅಳ್ಳು ಹುರಿಯುತ್ತಾಳೆ.

ಇವತ್ತು ಅಳ್ಳಿನ ವಾಸನೆ ಜೋರಾಗಿತ್ತು. ಎರಡು ಉಸಿರು ಎಳೆಯುವಷ್ಟರಲ್ಲಿ ಎದೆಯಲ್ಲಿ ಸಣ್ಣ ಪೀಪಿ ಊದಿದ ಸದ್ದು. ಅವಳು ಕೈಚೀಲದಿಂದ ಉಸಿರಿನ ಪಂಪು ತೆಗೆದು ಬಾಯಿಗಿಟ್ಟು ಎಳೆದುಕೊಂಡಳು.

"ಹೊಂಡೂ ಮೊದ್ಲೇ ಪಂಪು ಹೊಡಿಯಾಕ ಹತ್ತಿಯೇನೇ ಗಂಗೀ?"

ಮೆಟ್ಟಿಲಲ್ಲಿ ರಜಿತಾ ನಿಂತಿದ್ದಳು, ಬೆನ್ನಿಗೊಂದು ಚೀಲ, ತಲೆಗೊಂದು ಉಣ್ಣೆಯ ಟೊಪ್ಪಿ. ಗದ್ವಾಲಿನ ಕಾಲೇಜಿನಲ್ಲಿ ಇಬ್ಬರೂ ಒಂದೇ ಬೆಂಚು. ಈಗ ಅವಳು ಮಕ್ತಲಿನಲ್ಲಿ ಲ್ಯಾಬ್ ಟೆಕ್ನೀಷಿಯನ್. ಎರಡನೇ ಶನಿವಾರದ ರಜೆಯನ್ನು ಗೆಳತಿಯ ಪಂದ್ಯಕ್ಕೆ ಕೊಟ್ಟಿದ್ದಳು. ಕುರಿ ಕಾಯುವ ಮನೆತನದವಳು. ನಡಿಗೆ ಅವಳಿಗೆ ತಾಯಿಹಾಲಿನೊಂದಿಗೇ ಬಂದದ್ದು.

"ಮಂಜು ಜಾಸ್ತಿ ಐತಿ ಇವತ್ತು," ಎಂದಳು ಶಿವಗಂಗಾ.

ರಜಿತಾ ಮೂಗೆತ್ತಿ ಮೂಸಿದಳು. "ಮಂಜಿಗೆ ವಾಸನಿ ಇರತೈತೇನೇ?" ಎಂದವಳೇ ಗೋಡೆಯಂಚಿಗೆ ಬೆರಳು ಎಳೆದು ತೋರಿಸಿದಳು. ಬೆರಳ ತುದಿ ಕಾಡಿಗೆ ಮುಟ್ಟಿದಂತಿತ್ತು. "ಇದು ಹೊಗಿ. ಎಲ್ಲೋ ಕೂಳಿ ಸುಟ್ಟಾರ. ದಿನಾ ರೋಗಿಗಳ ಕಫ ನೋಡೂ ನನಗ ನೀ ಮಂಜು ಅಂತಿ!"

ಶಿವಗಂಗಾ ಆ ಬೆರಳನ್ನೇ ನೋಡಿದಳು. ಎಲ್ಲೋ ಸುಟ್ಟಿರಬೇಕು, ಹೌದು. ಎಲ್ಲಿ ಎಂದು ಅವಳು ಆಗ ಯೋಚಿಸಲಿಲ್ಲ. ಮುಂದಿನ ದಾರಿಯ ಚಿಂತೆಯೇ ದೊಡ್ಡದಾಗಿತ್ತು. ಹೊಳೆದಂಡೆಯ ಗದ್ದೆಬದುವಿನ ಮೇಲೆ ಸರಾಗವಾಗಿ ಅಣೆಕಟ್ಟು ಸೇರುವುದೆಂದು ಅವಳು ತಿಂಗಳಿನಿಂದ ಕಾಗದದ ಮೇಲೆ ಗೆರೆ ಎಳೆದು ಇಟ್ಟಿದ್ದಳು. ಆ ಗೆರೆಯ ಉದ್ದಕ್ಕೂ ಈಗ ಬಿಳಿಯ ಹೊಗೆ ಮಲಗಿತ್ತು.

"ಮರಿಕಲ್ ಗುಡ್ಡದ ಮ್ಯಾಲಿಂದ ಹೋಗೂಣೇನು? ಸುತ್ತಾದ್ರೂ ಎತ್ತರಕ್ಕ ಹೊಗಿ ಇರಂಗಿಲ್ಲ," ಎಂದಳು.

"ಆ ಗುಡ್ಡದ ಹುಲ್ಲೇ ಮೂರು ದಿನದಿಂದ ಉರಿಯಾಕ ಹತ್ತೈತಿ. ಕೆಳಗ ಯಾರೋ ಹೊಲಕ್ಕ ಹಚ್ಚಿದ್ದು ಮ್ಯಾಲ ಹತ್ತಿ ಬಿಟ್ಟೈತಿ." ರಜಿತಾ ಫೋನ್ ತೆಗೆದಳು. "ತಡಿ, ನಮ್ಮ ದೊಡ್ಡಪ್ಪನ ಕೇಳೂಣು. ಅವನಷ್ಟು ದಾರಿ ಆ ಗೂಗಲ್ಲಿಗೂ ಗೊತ್ತಿಲ್ಲ."

ನಾರ್ವದ ಕಡೆ ಕುರಿ ಮೇಯಿಸುತ್ತಿದ್ದ ಯಂಕಣ್ಣ ಮೊದಲು ತೆಲುಗಿನಲ್ಲಿ ಬೈದ, ಆಮೇಲೆ ಕನ್ನಡದಲ್ಲಿ ದಾರಿ ಹೇಳಿದ. "ಕಾಲುವಿ ನೀರು ಇರೂ ಕಡಿ ಹೋಗಬ್ಯಾಡ್ರವ್ವಾ. ಅಲ್ಲಿ ಭತ್ತ, ಭತ್ತ ಇದ್ದಲ್ಲಿ ಬೆಂಕಿ. ಎರಿ ಹೊಲದ ಮ್ಯಾಲ ಬರ್ರಿ, ಜ್ವಾಳ, ತೊಗರಿ ನಿಂತೈತಿ. ಕುರಿ ದಾರಿ. ಕುರಿ ನಡ್ಯೂ ಕಡಿ ಹೊಗಿ ಇರಂಗಿಲ್ಲ."

ದಾರಿ ಎಂಟು ಕಿಲೋಮೀಟರ್ ಹೆಚ್ಚಾಗುತ್ತಿತ್ತು. ಶಿವಗಂಗಾ ತನ್ನ ಕಾಗದವನ್ನು ನಾಲ್ಕು ಮಡಿಕೆ ಮಡಿಚಿ ಚೀಲದ ತಳಕ್ಕೆ ಹಾಕಿದಳು.

"ಪದವೇ, ನಡಿ," ಎಂದಳು ರಜಿತಾ. ಇಬ್ಬರೂ ನಡೆದರು.

ಮೊದಲ ಒಂದು ತಾಸು ಎದೆಯೊಳಗಿನ ಪೀಪಿ ನಿಲ್ಲಲಿಲ್ಲ. ಊರ ಹಿಂದಿನ ದಿನ್ನೆ ಹತ್ತಿ, ಹೊಳೆಗೆ ಬೆನ್ನು ಹಾಕಿ, ತೊಗರಿಯ ಹೊಲಗಳ ನಡುವಿನ ಸೀಳುದಾರಿಗೆ ಇಳಿದಾಗ ಹೊಗೆ ತೆಳುವಾಯಿತು. ಆಮೇಲೆ ಯಾವಾಗಲೋ ಸದ್ದೂ ನಿಂತುಹೋಯಿತು. ನಿಂತದ್ದು ಶಿವಗಂಗಾಳಿಗೆ ಗೊತ್ತಾದದ್ದು ರಜಿತಾ ಹೇಳಿದಾಗ. "ಏಮೇ, ಆಗಲಿಂದ ನೀ ಮಾತಾಡಾಕ ಹತ್ತೀಯಲ್ಲ, ನಡಕೋಂತ ಮಾತಾಡ್ತಿ, ನೋಡ್ಕೊಂಡಿಯೇನು?"

ಹೌದಲ್ಲ! ಬೆನ್ನ ಮೇಲೆ ಎಂಟು ಕಿಲೋ ಭಾರ ಹೊತ್ತು, ಏರು ಹತ್ತುತ್ತ, ಅವಳು ಅಜ್ಜಿಯ ಕಥೆಯೊಂದನ್ನು ಅರ್ಧದವರೆಗೆ ಹೇಳಿದ್ದಳು. ಜೀವಮಾನದಲ್ಲಿ ಮೊದಲ ಸಲ ಗಾಳಿ ಅವಳ ಎದೆಯ ತಳದವರೆಗೂ ಇಳಿದು, ಕೊಡಕ್ಕೆ ನೀರು ತುಂಬಿದ ಹಾಗೆ ತುಂಬಿ, ಮೇಲೆ ಬರುತ್ತಿತ್ತು. ಅವಳಿಗೆ ನಗು ಬಂತು. ಕಾರಣವಿಲ್ಲದೆ ನಕ್ಕಳು. ರಜಿತಾಳೂ ನಕ್ಕಳು.

ಹೊತ್ತು ಇಳಿಯುವ ಮುಂಚೆ ನಾರ್ವದ ಹತ್ತಿರ ಯಂಕಣ್ಣನ ಹಿಂಡು ಸಿಕ್ಕಿತು. ಜೋಳದ ಹೊಲವೊಂದರ ಅಂಚಿಗೆ ಬಲೆ ಕಟ್ಟಿ, ಅದರೊಳಗೆ ಮುನ್ನೂರು ಕುರಿ ತರುಬಿದ್ದ. ಹೊಲದವನೇ ಕರೆದದ್ದಂತೆ, ಮೂರು ರಾತ್ರಿ ಕುರಿ ಮಲಗಿದರೆ ಆ ನೆಲಕ್ಕೆ ವರ್ಷದ ಗೊಬ್ಬರ. ಯಂಕಣ್ಣ ಇಬ್ಬರಿಗೂ ರೊಟ್ಟಿ, ಪುಂಡಿಪಲ್ಯ ಕೊಟ್ಟು ಕೂರಿಸಿದ.

"ನಿಮ್ಮಪ್ಪ ಧರೂರಿನ ಶರಣಬಸಪ್ಪ ಹೌದಿಲ್ಲ?" ಎಂದ. "ನಿಮ್ಮಜ್ಜ ಇದ್ದಾಗ ಕೊಯ್ಲಾದ ಕೂಡ್ಲೇ ತೆಂಗಿನಕಾಯಿ ಹಿಡ್ಕೊಂಡು ನಮ್ಮ ಬೀರಪ್ಪನ ಗುಡಿಗೆ ಬರ್ತಿದ್ದ. 'ಈ ಸಲ ಮೊದ್ಲು ನನ್ನ ಗದ್ದಿಗೆ ಕುರಿ' ಅಂತ. ಈಗ ಮಿಷನ್ ಬಂತು, ಕಡ್ಡಿಪೆಟ್ಟಿಗಿ ಬಂತು. ನಾವು ಹ್ವಾದ್ರ ನೆಲ ಕರ್ರಗ ಇರತೈತಿ. ಸುಟ್ಟ ಹೊಲದಾಗ ಕುರಿ ಏನು ಬೂದಿ ತಿಂತಾವ?"

"ಮಂದಿಗೆ ಸೊಕ್ಕು, ದೊಡ್ಡಪ್ಪಾ," ಎಂದಳು ರಜಿತಾ.

ಶಿವಗಂಗಾಳಿಗೆ ಚುಚ್ಚಿತು. "ಸೊಕ್ಕಲ್ಲ. ಕಾಲುವಿಗೆ ನೀರು ಬಿಡೂದ್ರೊಳಗ ಹೊಲ ಹಸನಾಗಬೇಕು. ಮಿಷನ್ ಮೊಣಕಾಲುದ್ದ ಕೂಳಿ ಬಿಟ್ಟು ಹೋಗತೈತಿ. ಕೀಳಾಕ ಆಳಿಲ್ಲ. ಅಪ್ಪ ಒಬ್ಬನ ಏನು ಮಾಡ್ಬೇಕು? ಆದ್ರೂ ಗಾಳಿ ನೋಡೇ ಹಚ್ಚತಾನ. ಹೊಳಿ ಕಡಿ ಗಾಳಿ ಇದ್ರನ."

"ಖರೇ," ಎಂದು ಯಂಕಣ್ಣ ತಲೆದೂಗಿದ. "ನಿಮ್ಮಪ್ಪನ ಬೈಯಂಗಿಲ್ಲವ್ವಾ. ಕುರಿ ಎಲ್ಲಾ ತಿಂದು ಮುಗಸ್ತಾವಂತ ನಾನೂ ಸುಳ್ಳು ಹೇಳಂಗಿಲ್ಲ. ಹಸರು ಚಿಗುರು ತಿಂತಾವ, ಉಳದದ್ದು ತುಳೀತಾವ. ಮ್ಯಾಲ ನೀರು ಬಿಟ್ಟು ಟ್ರ್ಯಾಕ್ಟರ್ ಹೊಡದ್ರ ಅದೇ ಮಣ್ಣಾಗತೈತಿ. ನಾಕು ದಿನ ತಡ ಆಗತೈತಿ, ಅಷ್ಟೇ." ಅವನು ಒಂದು ಮರಿಯ ಕಾಲಿನಿಂದ ಮುಳ್ಳು ತೆಗೆಯತೊಡಗಿದ.

ರಾತ್ರಿ ಹಿಂಡಿನ ಪಕ್ಕದಲ್ಲೇ ಮಲಗಿ ಎದ್ದು ಹೊರಟು, ಭಾನುವಾರ ಮಧ್ಯಾಹ್ನ ಮೂರರ ಹೊತ್ತಿಗೆ ಅವರು ಅಣೆಕಟ್ಟಿನ ಮೇಲಿದ್ದರು. ಪಾದಗಳಲ್ಲಿ ಗುಳ್ಳೆ, ಮೈಯಲ್ಲಿ ಕುರಿಯ ವಾಸನೆ, ಎದೆ ಮಾತ್ರ ಹೂವಿನಷ್ಟು ಹಗುರ. ಇನ್ನು ಆರು ಕಿಲೋಮೀಟರ್, ಒಂದೂವರೆ ತಾಸಿನ ನಡಿಗೆ. ನಾರಾಯಣಪೇಟೆ ಕೈಗೆ ಸಿಕ್ಕಿದಂತೆಯೇ. ಶಿವಗಂಗಾ ಕಟ್ಟೆಗೆ ಒರಗಿ ಹಿನ್ನೀರಿನ ಕಡೆ ನೋಡಿದಳು.

ಧರೂರಿನ ದಂಡೆಯಿಂದ ಎರಡು ಹೊಗೆ ಎದ್ದಿದ್ದವು. ನೆಟ್ಟಗೆ ಎದ್ದು, ಬಿಂದಿಗೆ ತುಂಬಲು ಬಗ್ಗಿದ ಹೆಂಗಸರ ಹಾಗೆ ನೀರಿನ ಮೇಲೆ ಬಾಗಿ, ಮೆಲ್ಲಗೆ ಆಚೆ ದಂಡೆಯತ್ತ ಸಾಗುತ್ತಿದ್ದವು. ಅವುಗಳ ಬೆನ್ನು ಹಿಡಿದು ಅವಳ ಕಣ್ಣೂ ಸಾಗಿತು. ನೀರು ಮುಗಿದಲ್ಲಿ, ಮಸುಕಿನ ನಡುವೆ, ಬಿಸಿಲಿಗೆ ಒಂದು ಬಿಳಿಯ ಚುಕ್ಕಿ ಹೊಳೆಯುತ್ತಿತ್ತು.

ನೀರಿನ ಟಾಕಿ. ಅತ್ತೆಯ ಮನೆಯ ಹಿಂದಿನ ಟಾಕಿ.

"ರಜಿ," ಎಂದಳು. ದನಿ ಬದಲಾಗಿತ್ತು. "ಹೊಳಿ ಕಡಿ ಗಾಳಿ ಅಂದ್ರ ಅತ್ತಿ ಊರ ಕಡಿ ಗಾಳಿ."

ರಜಿತಾಳಿಗೆ ಮೊದಲು ತಿಳಿಯಲಿಲ್ಲ. ಆಮೇಲೆ ಅವಳೂ ಹೊಗೆಯಿಂದ ಟಾಕಿಯವರೆಗೆ ಬೆರಳಿನಿಂದ ಗೆರೆ ಎಳೆದು ನೋಡಿದಳು. ಹದಿನೇಳು ವರ್ಷ ಅಪ್ಪ ಮಗಳನ್ನು ಹೊಗೆಯಿಂದ ಉಳಿಸಲೆಂದು ಹೊಳೆಯಾಚೆ ಕಳಿಸಿದ್ದ. ಹದಿನೇಳು ವರ್ಷ ಗಾಳಿ ಕಾದು ಕಾದು, ಆ ಹೊಗೆಯನ್ನೂ ಅವಳ ಹಿಂದೆಯೇ ಕಳಿಸಿದ್ದ.

ಶಿವಗಂಗಾ ಅಪ್ಪನಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಆಗ ಧರೂರಿನ ಅಂಜನಕುಮಾರ್ ಖಾಲಿ ಆಟೋ ನಿಲ್ಲಿಸಿ ಕುತ್ತಿಗೆ ಹೊರಗೆ ಹಾಕಿದ. "ಏನು ಶಿವಗಂಗಕ್ಕಾ, ಖರೇನ ನಡ್ಕೊಂಡು ಬಂದ್ಯಾ! ನಿಮ್ಮಪ್ಪ ಗದ್ದ್ಯಾಗ ಅದಾನ ನೋಡು. ಹೊಟ್ಟು ತೂರಿ ತೂರಿ ಗಾಳಿ ನೋಡಾಕ ಹತ್ತಿದ್ದ. ಇನ್ನೇನು ಹಚ್ಚೇ ಬಿಡ್ತಾನ."

ಅತ್ತೆ ಈಗ ಮಾಳಿಗೆಯ ಮೇಲೆ ಬಟ್ಟೆ ಎತ್ತುತ್ತಿರುತ್ತಾಳೆ.

"ಒಂದೂವರಿ ತಾಸು ನಡದ್ರ ಪಂದ್ಯ ಗೆಲ್ತಿ," ಎಂದಳು ರಜಿತಾ ಮೆಲ್ಲಗೆ. "ಇದನ್ನ ಹತ್ತಿದ್ರ ನಾರಾಯಣಪೇಟಿ ಹೋತು. ನೋಡು, ನಿನ್ನ ಇಷ್ಟ."

ಶಿವಗಂಗಾ ಒಂದು ಸಲ ತನ್ನ ಧೂಳಿನ ಕಾಲುಗಳನ್ನು ನೋಡಿದಳು. ಎರಡು ದಿನದಲ್ಲಿ ಅವಳಿಗೆ ಆ ಕಾಲುಗಳ ಮೇಲೆ ಪ್ರೀತಿ ಹುಟ್ಟಿತ್ತು. ಆಮೇಲೆ ಚೀಲ ಇಳಿಸಿ ಆಟೋದೊಳಗೆ ಎಸೆದು ಹತ್ತಿ ಕುಳಿತಳು; ರಜಿತಾ ಪಕ್ಕಕ್ಕೆ ಬಂದು ಕುಳಿತಳು.

"ಜಲ್ದಿ ಬಿಡೋ ತಮ್ಮಾ."

ಶರಣಬಸವ ಗದ್ದೆಯ ಮೂಲೆಯಲ್ಲಿ ಹುಲ್ಲಿನ ಪಂಜು ಕಟ್ಟಿ ಹಿಡಿದು, ಕಡ್ಡಿಪೆಟ್ಟಿಗೆ ತೆಗೆಯುತ್ತಿದ್ದ. ಆಟೋದಿಂದ ಇಳಿದ ಮಗಳನ್ನು ಕಂಡು ಅವನ ಮುಖ ಬಿಳಿಚಿತು. "ಯಾಕವ್ವಾ? ಉಸಿರು ಹಿಡೀತೇನು? ಪಂಪು ಎಲ್ಲೈತಿ? ನಾ ಮೊದ್ಲೇ ಹೇಳಿದ್ದೆ..."

"ಉಸಿರು ಛಲೋ ಐತಪ್ಪಾ. ಅಣೆಕಟ್ಟಿನ ತನಕ ನಡದೇ ಬಂದೆ. ಆಮ್ಯಾಲ ಆಟೋ ಹತ್ತಿದೆ. ಸೋತೆ." ಅವಳು ಬದುವಿನಿಂದ ಒಂದು ಮುಷ್ಟಿ ಹೊಟ್ಟು ತೆಗೆದುಕೊಂಡಳು. "ಗಾಳಿ ನೋಡಿದಿಯೇನು?"

"ನೋಡಿದೆ. ಹೊಳಿ ಕಡಿ ಐತಿ. ನೀ ಮನಿಗೆ ನಡಿ, ನಾ ಹಚ್ಚಿ ಬರ್ತೀನಿ. ನಿನಗೇನೂ ತ್ರಾಸಿಲ್ಲ."

ಅವಳು ಕೈ ಎತ್ತಿ ಹೊಟ್ಟು ಬಿಟ್ಟಳು. ಅದು ಹೊಂಬಣ್ಣದ ಗೆರೆಯಾಗಿ ನೀರಿನ ಮೇಲೆ ಹೋಯಿತು. "ಆ ಗೆರಿ ಹಿಡ್ದು ನೋಡಪ್ಪಾ. ಆಚೆ ದಂಡ್ಯಾಗ ಬೆಳ್ಳಗ ಏನು ಕಾಣತೈತಿ?"

ಶರಣಬಸವ ಹುಬ್ಬಿಗೆ ಕೈ ಹಿಡಿದ. "ನೀರಿನ ಟಾಕಿ. ನಮ್ಮಕ್ಕನ ಊರಿಂದು." ಎಂದ. ಅವನ ಕೈ ಹುಬ್ಬಿನ ಮೇಲೇ ಉಳಿಯಿತು.

ಆಮೇಲೆ ಒರಟಾಗಿ, "ಅಷ್ಟು ದೂರ ಹೋಗಂಗಿಲ್ಲ," ಎಂದ. "ನೀರಿನ ಮ್ಯಾಲೇ ಕರಗತೈತಿ."

"ಅತ್ತೀನ ಕೇಳಿ ನೋಡು."

ಫೋನು ತಲೆಗೆ ಸುತ್ತಿದ ಟವೆಲಿನ ಗಂಟಿನಲ್ಲಿತ್ತು. ಬಿಚ್ಚಿ, ಅಕ್ಕನಿಗೆ ಮಾಡಿದ. "ಅಕ್ಕಾ, ಮಾಳಗಿ ಮ್ಯಾಲಿನ ಬಟ್ಟಿ ಹ್ಯಾಂಗ ಅದಾವ?"

"ಹ್ಯಾಂಗ ಇರ್ತಾವೋ? ಕರೇ ಚೂರು ಕೊಡವಿ ಕೊಡವಿ ತೋಳು ಬಿದ್ದು ಹೋಗ್ಯಾವ," ಎಂದು ಸಂಗಮ್ಮನ ದೊಡ್ಡ ದನಿ ಗದ್ದೆಯ ತುಂಬ ಕೇಳಿಸಿತು. "ಈ ಸಲದ ಮಂಜು ಸುಟ್ಟ ನಾತ ಹೊಡಿತೈತಿ. ಹುಡುಗಿ ಮುಟ್ಟಿದಳಿಲ್ಲ?"

"ಮುಟ್ಟ್ಯಾಳ." ಅವನು ಫೋನನ್ನು ಇನ್ನೊಂದು ಕಿವಿಗೆ ಹಿಡಿದ. "ಪ್ರತಿ ವರ್ಸ ಹಿಂಗ ಇರತೈತೇನು? ಒಂದು ಸಲಾನೂ ಹೇಳಲಿಲ್ಲಲ್ಲಕ್ಕಾ?"

"ಮಂಜಿನ ಸುದ್ದಿ ಏನು ಹೇಳೂದೋ ಹುಚ್ಚಾ! ಇಡು, ಹಾಲು ಉಕ್ಕಾಕ ಹತ್ತೈತಿ."

ಶರಣಬಸವ ಬದುವಿನ ಮೇಲೆ ಕುಕ್ಕರಿಸಿದ. ಹಿನ್ನೀರು ಸಣ್ಣಗೆ ದಂಡೆ ಬಡಿಯುತ್ತಿತ್ತು. "ಎಲ್ಲಾರೂ ಹಚ್ಚತಾರ," ಎಂದ, ಯಾರಿಗೆಂದಿಲ್ಲದೆ. "ನಾ ಒಬ್ಬ ಬಿಟ್ರ ನಿಲ್ಲತೈತೇನು?"

"ನಿಲ್ಲಂಗಿಲ್ಲಪ್ಪಾ. ನಿಂದು ಒಂದು ನಿಲ್ಲತೈತಿ."

ಅವನು ಪಂಜಿನ ಕಟ್ಟು ಬಿಚ್ಚಿ, ಹುಲ್ಲನ್ನು ಎಳೆಎಳೆಯಾಗಿ ಬಿಡಿಸಿ ಸಾಲಿನ ಮೇಲೆ ಹರಡಿದ. ಕಡ್ಡಿಪೆಟ್ಟಿಗೆಯನ್ನು ಮಗಳ ಕೈಗಿಟ್ಟ. "ನಿಮ್ಮವ್ವಗ ಕೊಡು. ಒಲಿಗೆ ಕಡ್ಡಿ ಇಲ್ಲಂತ ಮುಂಜಾನಿಂದ ಒದರಾಕ ಹತ್ಯಾಳ." ರಜಿತಾಳ ಕಡೆ ತಿರುಗಿ, "ನಿಮ್ಮ ದೊಡ್ಡಪ್ಪನ ಕುರಿ ಎಲ್ಲದಾವವ್ವಾ ಈಗ?" ಎಂದ.

"ನಾರ್ವದ ಕಡೆ ಅದಾವ ಕಾಕಾ. ಕರದ್ರ ಗುರುವಾರಕ್ಕ ಬರ್ತಾನ. ತೆಂಗಿನಕಾಯಿ ಕೇಳ್ತಾನ ಮತ್ತ!"

"ಎಲ್ಡು ಒಡಿತೀನಿ ಅನ್ನು."

ಮನೆಯ ಕಡೆ ಹೆಜ್ಜೆ ಹಾಕುವಾಗ ಅವನು ಮಗಳ ಚೀಲ ಎತ್ತಿ ನೋಡಿದ. ಭಾರಕ್ಕೆ ತೋಳು ಜಗ್ಗಿತು. "ಇದನ್ನ ಹೊತ್ತು ಬಂದಿಯೇನು?" ಎಂದ. ನಾಲ್ಕು ಹೆಜ್ಜೆ ಆದ ಮೇಲೆ, "ಪಂದ್ಯ ಪಂದ್ಯಾನ. ಆರು ಕಿಲೋಮೀಟರ್ ಬಾಕಿ ಐತಿ. ಸೋಮಾರ ಅಂದ್ರ ನಾಳಿ, ಹೌದಿಲ್ಲ?"

ಸೋಮವಾರ ಬೆಳಿಗ್ಗೆ ಅಪ್ಪ ಬೈಕನ್ನು ಅಣೆಕಟ್ಟಿನ ತಲೆಗೆ ನಿಲ್ಲಿಸಿದ; ಶಿವಗಂಗಾ ನಿನ್ನೆ ಆಟೋ ಹತ್ತಿದ ಜಾಗದಲ್ಲೇ ಇಳಿದಳು. ಚೀಲ ಹೊತ್ತಳು. ಅಪ್ಪ ಪಕ್ಕದಲ್ಲಿ ಬರಿಗೈಯಲ್ಲಿ ನಡೆದ; ಚೀಲ ತಾನು ಹೊರಲು ಎರಡು ಸಲ ಕೈ ಚಾಚಿ, ಪಂದ್ಯ ನೆನಪಾಗಿ ಹಿಂದೆ ತೆಗೆದುಕೊಂಡ. ಹೊಳೆಯ ಮೇಲೆ ಬಿಳಿಯದೊಂದು ಏಳುತ್ತಿತ್ತು. ಶಿವಗಂಗಾ ಹೆದರಿ ಹೆದರಿ ಉಸಿರೆಳೆದಳು. ತಣ್ಣಗೆ ಒಳಗೆ ಹೋಯಿತು, ತಣ್ಣಗೆ ಹೊರಗೆ ಬಂತು. ಯಾವ ವಾಸನೆಯೂ ಇರಲಿಲ್ಲ. ಅಜ್ಜಿ ಹೇಳಿದ ಕಥೆಯಲ್ಲಿ ಬರೀ ಹತ್ತಿ ಇತ್ತು. ಅಳ್ಳು ಹುರಿದದ್ದು ತಾನೇ.

ಊರ ಹತ್ತಿರ ಪಕ್ಕದ ಗದ್ದೆಯ ಹಂಪಣ್ಣ ಬದುವಿನ ಮೇಲೆ ನಿಂತಿದ್ದ. ಅವನ ಗದ್ದೆ ಕಪ್ಪಗೆ, ಅಲ್ಲಲ್ಲಿ ಇನ್ನೂ ಬೆಚ್ಚಗಿತ್ತು. "ಏನು ಶರಣಬಸಪ್ಪಾ, ನಿನ್ನಿ ಹಚ್ಚಲಿಲ್ಲಲ್ಲ? ಮೂರು ದಿನದಿಂದ ಕಾದಿದ್ದಿ!"

"ಗಾಳಿ ಸರಿ ಇರಲಿಲ್ಲಪ್ಪಾ."

"ಹೊಳಿ ಕಡಿ ಇತ್ತಲ್ಲೋ!"

"ಅದಕ್ಕೇ," ಎಂದ ಶರಣಬಸವ.

ಹಂಪಣ್ಣ ಬಾಯಿ ತೆರೆದು ಏನೋ ಕೇಳಲು ಹೋದ. ಶರಣಬಸವ ನಿಲ್ಲಲಿಲ್ಲ. "ಗುರುವಾರ ಯಂಕಣ್ಣನ ಕುರಿ ಬರ್ತಾವ. ಬಾ, ಚಾ ಕುಡಕೋಂತ ಹೇಳ್ತೀನಿ," ಎಂದು ನಡೆಯುತ್ತಲೇ ಕೂಗಿದ.

ಮನೆಯ ಹೊಸ್ತಿಲಲ್ಲಿ ಅವ್ವ ಶಂಕ್ರಮ್ಮ ತಂಬಿಗೆ ನೀರು ಹಿಡಿದು ನಿಂತಿದ್ದಳು. ಶಿವಗಂಗಾ ಹೊಸ್ತಿಲು ಮುಟ್ಟಿ, ಚೀಲ ಇಳಿಸಿ, ಬೆನ್ನು ನೆಟ್ಟಗೆ ಮಾಡಿ ಒಂದು ದೊಡ್ಡ ಉಸಿರು ಬಿಟ್ಟಳು. ಅಪ್ಪ ಕಿವಿಗೊಟ್ಟು ಆ ಉಸಿರನ್ನು ಕೊನೆಯವರೆಗೂ ಕೇಳಿದ. ಎಲ್ಲಿಯೂ ಪೀಪಿ ಇರಲಿಲ್ಲ.

"ನಾರಾಯಣಪೇಟಿಗೆ ಫೋನ್ ಮಾಡವ್ವಾ," ಎಂದು ಹೇಳಿ, ಕಾಲು ತೊಳೆಯಲು ಹಿತ್ತಿಲಿಗೆ ಹೋದ.